ಸ್ಟೆಪ್ನಿಯ ಮೇಲೆ ಕೂತ ಅಪ್ಪ

ಮೊನ್ನೆ ವಿಜಯನಗರದಲ್ಲಿ ನನ್ನ ಗಾಡಿಯ ಹಿಂದಿನ ಚಕ್ರ ಉಸಿರು ಬಿಟ್ಟಿತು. ಪಂಕ್ಚರ್ ಅಂಗಡಿಯವನ ಮುಂದೆ ಅದನ್ನು ನಿಲ್ಲಿಸಿ, ಅನುಭವಸ್ಥೆಯ ಗತ್ತಿನಲ್ಲಿ, "ಟ್ಯೂಬು ಹಳೇದಾಗಿದ್ರೆ ತೇಪೆ ಗೀಪೆ ಬೇಡಪ್ಪ, ಹೊಸದೇ ಹಾಕ್ಬಿಡು. ಹಳೇದನ್ನ ಮಾತ್ರ ನಂಗೆ ಕೊಡು" ಎಂದೆ.

ಅವನು ಒಂದು ಗಳಿಗೆ ನನ್ನನ್ನು ಕನಿಕರದಿಂದ ನೋಡಿದ. "ಆಂಟಿ, ಇದು ಟ್ಯೂಬ್‌ಲೆಸ್ಸು. ಇದರಲ್ಲಿ ಟ್ಯೂಬೇ ಇರಲ್ಲ."

ನಾನು ನಿಜಕ್ಕೂ ಗಾಬರಿಯಾದೆ. ಮೂರು ವರ್ಷದಿಂದ ಈ ಗಾಡಿಯನ್ನು ನಂಬಿ ಓಡಾಡುತ್ತಿದ್ದೇನೆ. ಅದರೊಳಗೆ ಟ್ಯೂಬೇ ಇಲ್ಲವೆಂದು ಮಾರುವಾಗ ಒಬ್ಬರೂ ಬಾಯಿಬಿಟ್ಟಿರಲಿಲ್ಲ. ನಾಳೆ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದರೆ ಅವರು ಯಾವುದರ ಮೇಲೆ ಕೂರಬೇಕು? ಈ ಪ್ರಶ್ನೆಯನ್ನು ಅವನ ಮುಂದಿಟ್ಟೆ. ಆತ ಬೇರೆ ಗಿರಾಕಿಯ ಕಡೆ ತಿರುಗಿಕೊಂಡ. ನಿಮಗೂ ನನ್ನ ಪ್ರಶ್ನೆ ವಿಚಿತ್ರ ಅನ್ನಿಸಿರಬಹುದು. ಅದಕ್ಕೇ ಅಪ್ಪನ ಗಂಟಿನ ಕಥೆ ಹೇಳಿಬಿಡುತ್ತೇನೆ.

ಆಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಾವು ಚಿತ್ರದುರ್ಗದ ಕಡೆಯಿಂದ ಬಂದು ರಾಜಾಜಿನಗರದಲ್ಲಿ ನೆಲೆಸಿದವರು. ಅಪ್ಪ ಅಲ್ಲಿನ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕ್ಲರ್ಕು. ಅವರ ಬದುಕಿನಲ್ಲಿ ಒಂದೇ ಒಂದು ಮಹತ್ವಾಕಾಂಕ್ಷೆಯಿತ್ತು. ಅದು ತಿಳಿನೀಲಿ ಬಣ್ಣದ್ದಾಗಿದ್ದು ಎರಡು ಚಕ್ರಗಳನ್ನು ಹೊಂದಿತ್ತು. ಆ ಕಾಲದಲ್ಲಿ ಸ್ಕೂಟರನ್ನು ಕೊಳ್ಳುತ್ತಿರಲಿಲ್ಲ, ಬುಕ್ ಮಾಡಿ ಕಾಯುತ್ತಿದ್ದರು. ಅಪ್ಪ ಬುಕ್ ಮಾಡಿದಾಗ ನಾನು ಮಿಡ್ಲ್ ಸ್ಕೂಲಿನಲ್ಲಿ ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದೆ. ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಂದು ಸೀರೆ ಉಡುವಷ್ಟಾದರೂ ಸ್ಕೂಟರಿನ ಸರದಿ ಬಂದಿರಲಿಲ್ಲ.

ಅಪ್ಪ ಆ ಏಳು ವರ್ಷಗಳನ್ನು ವ್ಯರ್ಥ ಮಾಡಲಿಲ್ಲ. ಸಹೋದ್ಯೋಗಿಯೊಬ್ಬರಿಂದ ಸ್ಕೂಟರಿನ ಕೈಪಿಡಿಯನ್ನು ಎರವಲು ತಂದು, ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಪ್ರತಿ ಭಾನುವಾರ ಪಾರಾಯಣ ಮಾಡುತ್ತಿದ್ದರು. ಊಟದ ಮಣೆಯ ಮೇಲೆ ಕೂತು ಎಡಗೈಯಲ್ಲಿ ಗೇರು ಬದಲಿಸುವುದನ್ನು ಅಭ್ಯಾಸ ಮಾಡುವಾಗ ಅಮ್ಮ ಅನ್ನದ ಕೈ ತಡೆದು, "ಮೂರನೇ ಗೇರಿಗೆ ಬಂದ ಮೇಲೆ ಹೇಳಿ, ಆಮೇಲೆ ಸಾರು ಬಡಿಸ್ತೀನಿ" ಎನ್ನುತ್ತಿದ್ದಳು. ಅವರು ಮಾಡದೇ ಇದ್ದುದು ಒಂದೇ: ನಿಜವಾದ ಸ್ಕೂಟರಿನ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಯಾರಾದರೂ ಬನ್ನಿ ಬಿಡ್ತೀನಿ ಎಂದು ಕರೆದರೂ, "ಕೂತರೆ ಮೊದಲು ನಮ್ಮದರ ಮೇಲೇ ಕೂರೋದು, ಕ್ಷಮಿಸಿ" ಎಂದು ಕೈಮುಗಿದು ಸಿಟಿ ಬಸ್ಸಿಗೆ ಜೋತುಬೀಳುತ್ತಿದ್ದರು. ಅಷ್ಟೇ ಅಲ್ಲ, ಮನೆಯಲ್ಲೂ ಒಂದು ಶಾಸನ ಹೊರಡಿಸಿದ್ದರು. ನಮ್ಮ ಸ್ಕೂಟರು ಬಂದಾಗ ಅವರು ಕೂರುವ ಮೊದಲು ಅದರ ಮೇಲೆ ಬೇರೆ ಯಾರೂ ಕೂರತಕ್ಕದ್ದಲ್ಲ.

ಇಂಥ ಸಮಯದಲ್ಲಿ ಅಪ್ಪನಿಗೆ ಗಂಟು ಬಂತು. ಎಲ್ಲಿ ಎಂದರೆ, ಹೇಗೆ ಹೇಳಲಿ, ಅಪ್ಪನ ಬೆನ್ನನ್ನು ಭಾರತದ ಭೂಪಟ ಎಂದುಕೊಳ್ಳಿ. ಗಂಟು ಎದ್ದಿದ್ದು ಕನ್ಯಾಕುಮಾರಿಯಲ್ಲಿ. ಮೊದಲು ಕಡಲೆಕಾಳಿನಷ್ಟಿತ್ತು, ಆಮೇಲೆ ನೆಲ್ಲಿಕಾಯಿಯಷ್ಟಾಯಿತು. ಕೀವು ತುಂಬಿ, ಕಾರ್ಖಾನೆಯ ಕಬ್ಬಿಣದ ಸ್ಟೂಲಿನ ಮೇಲೆ ಅಪ್ಪ ಒಂದು ಮಗ್ಗುಲಲ್ಲಿ ಕೂರುವುದನ್ನು ಕಂಡ ಮೇಲೆ ಅಮ್ಮ ಸೆರಗು ಸಿಕ್ಕಿಸಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ನಾನೂ ಹೋಗಿದ್ದೆ.

ಡಾಕ್ಟರು ಪರದೆಯ ಹಿಂದೆ ಪರೀಕ್ಷೆ ಮಾಡಿ ಕೈ ತೊಳೆದುಕೊಳ್ಳುತ್ತ, "ಹೆದರ್ಕೋಬೇಡಿ, ಸಣ್ಣ ಸಿಸ್ಟು. ತೆಗೆದುಹಾಕಿದ್ರೆ ಆಯ್ತು. ಯುದ್ಧದ ಕಾಲದಲ್ಲಿ ಇದನ್ನ ಜೀಪಿನ ಕಾಯಿಲೆ ಅಂತಿದ್ರು. ಗಂಟೆಗಟ್ಟಲೆ ಜೀಪಲ್ಲಿ ಕುಲುಕಾಡೋ ಸೈನಿಕರಿಗೆ ಬರೋದು. ನಿಮ್ದು ಯಾವ ಗಾಡಿ?" ಎಂದು ಕೇಳಿದರು.

ಅಪ್ಪ ತಲೆ ತಗ್ಗಿಸಿ ಹೇಳಿದರು: "ಬುಕ್ ಮಾಡಿದೀನಿ ಸಾರ್. ಇನ್ನೂ ಬಂದಿಲ್ಲ."

ಆಪರೇಷನ್ನು ಅರ್ಧ ಗಂಟೆಯಲ್ಲಿ ಮುಗಿಯಿತು. ಡಾಕ್ಟರ ಉಪದೇಶ ಮುಗಿಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬೋರಲು ಅಥವಾ ಮಗ್ಗುಲಾಗಿ ಮಲಗಬೇಕು. ದಿನಕ್ಕೆರಡು ಸಲ ಉಗುರು ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಬೇಕು. ಗಾಯ ಒಣಗಿಸಿ ಬಟ್ಟೆ ಬದಲಿಸಬೇಕು. ಸೊಪ್ಪು, ಹಣ್ಣು, ನೀರು ಧಾರಾಳವಾಗಿ ಕೊಟ್ಟು ಹೊಟ್ಟೆ ಕಟ್ಟದ ಹಾಗೆ ನೋಡಿಕೊಳ್ಳಬೇಕು. ಕೂರಲೇಬೇಕೆಂದರೆ ನಡುವೆ ತೂತಿರುವ ಗಾಳಿದಿಂಬಿನ ಮೇಲೆ ಮಾತ್ರ. ಹೀಗೆ ಐದಾರು ವಾರ. ಅಮ್ಮ ತಕ್ಷಣ ಖಾತೆಗಳನ್ನು ಹಂಚಿದಳು. ಗಾಯ, ಬಟ್ಟೆ, ಟಬ್ಬು ಅವಳಿಗೆ. ದೇವರು ಮತ್ತು ಪಥ್ಯ ಅಜ್ಜಿಗೆ. ದಿಂಬು, ಫ್ಯಾನು, ಪೇಪರು ಓದಿ ಹೇಳುವುದು ಹಾಗೂ ರೋಗಿಯ ಮನೋಲ್ಲಾಸ ನನಗೆ.

ಮನೆಗೆ ಬರುವಾಗ ಅಪ್ಪ ಆಟೋದಲ್ಲಿ ಕೂರುವಂತಿರಲಿಲ್ಲ. ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಕಿಟಕಿಯ ಕಡೆ ಮುಖ ಮಾಡಿ ನಿಂತರು. ಹಿಂದೆ ಬರುತ್ತಿದ್ದ ಸೈಕಲ್ಲಿನವರೆಲ್ಲ, ಯಾರೋ ದೊಡ್ಡ ಮನುಷ್ಯರು ದರ್ಶನ ಕೊಡುತ್ತಿದ್ದಾರೆಂದು ತಿಳಿದರೋ ಏನೋ, ಒಬ್ಬಿಬ್ಬರು ನಮಸ್ಕಾರವನ್ನೂ ಮಾಡಿದರು. ಅಪ್ಪ ಪ್ರತಿನಮಸ್ಕಾರ ಮಾಡಿದರು. ಮನೆಯ ಗೇಟಿನ ಹತ್ತಿರ ಬಂದಾಗ ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ ರುದ್ರಣ್ಣ, ಒಂದು ಲಕೋಟೆಯನ್ನು ಆಡಿಸುತ್ತ ಓಡಿಬಂದರು.

"ಅಣ್ಣಾ, ಬಂತು!"

"ಏನೋ ಬಂತು?"

"ಸ್ಕೂಟರ್ ಕಣಣ್ಣ! ಅಲಾಟ್ ಆಗೈತೆ! ಹತ್ತು ದಿನದೊಳಗೆ ತಗೊಂಡೋಗ್ಬೇಕಂತೆ, ಇಲ್ದಿದ್ರೆ ಮುಂದಿನೋರಿಗೆ ಹೋಗುತ್ತಂತೆ!"

ಏಳು ವರ್ಷದ ಸಂತೋಷ ಒಟ್ಟಿಗೆ ನುಗ್ಗಿ ಬಂದರೆ ಮನುಷ್ಯ ಏನು ಮಾಡುತ್ತಾನೆ? ಕುಸಿದು ಕೂರುತ್ತಾನೆ. ಅಪ್ಪನೂ ಕೂತರು. ಆ ಕೂಗು ಎಷ್ಟೋ ಬೀದಿ ಆಚೆಯ ರಾಮಮಂದಿರದವರೆಗೆ ಕೇಳಿಸಿತೆಂದು ಆಮೇಲೆ ಹಲವರು ಸಾಕ್ಷಿ ಹೇಳಿದ್ದಾರೆ.

ಅಪ್ಪ ಬೋರಲು ಮಲಗಿಯೇ ಅಧಿಕಾರಪತ್ರಕ್ಕೆ ರುಜು ಹಾಕಿಕೊಟ್ಟರು. ಸ್ಕೂಟರು ತರಲು ಮೆಜೆಸ್ಟಿಕ್ ಕಡೆಯ ಅಂಗಡಿಗೆ ನಾನೂ ಚಿಕ್ಕಪ್ಪನೂ ಹೊರಟೆವು. ಚಿಕ್ಕಪ್ಪನಿಗೆ ಸೈಕಲ್ ಬಿಟ್ಟರೆ ಬೇರೆ ವಾಹನ ಗೊತ್ತಿರಲಿಲ್ಲ, ಆದರೆ ಆ ಕೊರತೆಯನ್ನು ಅವರು ಭ್ರಾತೃಭಕ್ತಿಯಿಂದ ಮುಚ್ಚಿಕೊಂಡರು. ಅಂಗಡಿಯ ಮೆಕ್ಯಾನಿಕ್ಕು ತಾನೇ ಮನೆಯತನಕ ಓಡಿಸಿಕೊಂಡು ಬಂದು ಬಿಡುತ್ತೇನೆಂದರೆ, "ಛೆ ಛೆ, ನಮ್ಮಣ್ಣ ಇನ್ನೂ ಹತ್ತಿಲ್ಲ!" ಎಂದು ತಡೆದರು. ಹಾಗಾಗಿ ಆ ಹೊಚ್ಚ ಹೊಸ ಸ್ಕೂಟರನ್ನು ನಾವು ಓಕಳೀಪುರದ ಮೇಲೆ ರಾಜಾಜಿನಗರದವರೆಗೆ ತಳ್ಳಿಕೊಂಡು ಬಂದೆವು. ಹ್ಯಾಂಡಲ್ಲು ಅವರ ಕೈಯಲ್ಲಿ. ಹಿಂದಿನಿಂದ ದೂಡುವ ಭಾಗ ನನ್ನದು. ದಾರಿಯುದ್ದಕ್ಕೂ ವಿಚಾರಣೆ.

"ಪೆಟ್ರೋಲ್ ಮುಗೀತಾ ಸಾರ್?"

"ಇಲ್ಲಪ್ಪ, ತುಂಬೈತೆ."

"ಕೆಟ್ಟೋಯ್ತಾ?"

"ಇವತ್ತೇ ಅಂಗಡಿಯಿಂದ ಬಂದಿದ್ದು."

"ಮತ್ತೆ ಹತ್ತಿ ಓಡ್ಸಬಾರ್ದಾ ಗುರುವೇ?"

"ನಮ್ಮಣ್ಣಂಗೆ ಆಪರೇಷನ್ ಆಗೈತೆ."

ಕೇಳಿದವರು ಈ ಉತ್ತರವನ್ನು ಸ್ವಲ್ಪ ಹೊತ್ತು ನಿಂತು ಜೀರ್ಣಿಸಿಕೊಂಡು ಮುಂದೆ ಹೋಗುತ್ತಿದ್ದರು. ನನಗಂತೂ ಬೆವರಿನಲ್ಲೂ ಎದೆ ಕುಣಿಯುತ್ತಿತ್ತು. ಹೊಸ ಬಣ್ಣದ ವಾಸನೆ, ಹೊಸ ರಬ್ಬರಿನ ವಾಸನೆ, ಕನ್ನಡಿಯಂಥ ಹಿಂಭಾಗದಲ್ಲಿ ನನ್ನದೇ ಮುಖ ಅಗಲವಾಗಿ ನಗುತ್ತಿತ್ತು.

ಸ್ಕೂಟರು ಬಂದು ನಿಂತದ್ದು ನಮ್ಮ ನಡುಮನೆಯಲ್ಲಿ. ಹೊರಗೆ ಬಿಟ್ಟರೆ ದೃಷ್ಟಿಯಾಗುತ್ತದೆಂದು ಅಜ್ಜಿ ಒಳಗೇ ತರಿಸಿದಳು. ಹೆಡ್‌ಲೈಟಿನ ಹಣೆಗೆ ಮೂರು ಬೆರಳು ವಿಭೂತಿ, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ಎರಡು ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು. ಅಪ್ಪ ಮೊದಲ ಸಲ ಹತ್ತಿ ಹೊರಡುವಾಗ ಆ ಹಣ್ಣುಗಳು ಅಪ್ಪಚ್ಚಿಯಾಗಬೇಕು, ದೃಷ್ಟಿಯೆಲ್ಲ ಅವುಗಳೊಂದಿಗೆ ಹೋಗಬೇಕು. ಆದರೆ ಹೊರಡುವವರು ಬೋರಲು ಮಲಗಿದ್ದರಿಂದ ನಿಂಬೆಹಣ್ಣುಗಳು ಕಾಯುತ್ತ ಕುಳಿತವು. ಪ್ರತಿ ಸೋಮವಾರ ಅಜ್ಜಿ ಅವನ್ನು ಬದಲಿಸುತ್ತಿದ್ದಳು.

ಅದರ ಪಕ್ಕದಲ್ಲೇ ನೆಲದ ಮೇಲೆ ಅಪ್ಪನ ಹಾಸಿಗೆ. ತಲೆಯನ್ನು ಒಂದು ಕಡೆ ಹೊರಳಿಸಿದರೆ ಮುಂದಿನ ಚಕ್ರ ಎರಡು ಮೊಳ ದೂರ. ಅಪ್ಪ ಎದ್ದಾಗ ಮೊದಲು ಕಾಣುವುದು ಚಕ್ರ, ಮಲಗುವಾಗ ಕೊನೆಗೆ ಕಾಣುವುದು ಚಕ್ರ. "ಏನ್ರೀ, ನೋವಿದೆಯಾ?" ಎಂದು ಅಮ್ಮ ಕೇಳಿದರೆ, "ಮಡ್‌ಗಾರ್ಡಿನ ಒಳಗೆ ಧೂಳು ಕೂತಿದೆ ಕಣೇ" ಎನ್ನುತ್ತಿದ್ದರು.

ಇಷ್ಟರಲ್ಲಿ ಸಮಸ್ಯೆ ತಲೆಯೆತ್ತಿತು. ಅಪ್ಪ ದಿನವೂ ಬೆಳಿಗ್ಗೆ ಸ್ನಾನ ಮಾಡಿ ಕೂತು ಲಿಂಗಪೂಜೆ ಮಾಡುವವರು. ಮೂರು ದಿನ ನಿಂತುಕೊಂಡೇ ಮಾಡಿದರು. ನಾಲ್ಕನೇ ದಿನ ಅವರಿಗೆ ವ್ಯಥೆಯಾಯಿತು. "ಹೀಗೆ ನಿಂತು ಪೂಜೆ ಮಾಡೋದು ನೋಡಿದ್ರೆ, ಇವನಿಗೇನೋ ಬಸ್ಸಿಗೆ ಹೊತ್ತಾಯ್ತು ಅಂತ ಶಿವ ತಿಳ್ಕೊಳ್ಳಲ್ವೇನೇ?" ಎಂದು ನನ್ನನ್ನು ಕೇಳಿದರು. ದಿಂಬಿನ ಖಾತೆ ನನ್ನದು. ನಾನು ಕಾರ್ಯಪ್ರವೃತ್ತಳಾದೆ.

ಔಷಧಿ ಅಂಗಡಿಯಲ್ಲಿ ಗಾಳಿದಿಂಬು ಇರಲಿಲ್ಲ. ಮುಂದಿನ ವಾರ ಎಂದರು, ಅದರ ಮುಂದಿನ ವಾರವೂ ಹಾಗೆಯೇ ಎನ್ನುವ ದನಿಯಲ್ಲಿ. ಚಿಕ್ಕಪ್ಪ ತಮ್ಮ ಸೈಕಲ್ಲಿನ ಟ್ಯೂಬು ತಂದರು. ಅದು ಅಪ್ಪನ ಗಾತ್ರಕ್ಕೆ ದಾರದಂತಿತ್ತು. ಮಾರನೇ ದಿನ ಮಾಗಡಿ ರಸ್ತೆಯಿಂದ ಒಂದು ಲಾರಿ ಟ್ಯೂಬನ್ನು ಉರುಳಿಸಿಕೊಂಡು ಬಂದರು. ಅಪ್ಪ ಅದರ ಮೇಲೆ ಕೂತವರು ನಡುವಿನ ತೂತಿನಲ್ಲಿ ಇಳಿದುಹೋಗಿ, ಕೈ ಕಾಲು ತಲೆ ಮಾತ್ರ ಹೊರಗೆ ಉಳಿದವು. ಎತ್ತಲು ಮೂವರು ಬೇಕಾಯಿತು. ಅಜ್ಜಿಯ ಆಕ್ಷೇಪಣೆ ಬೇರೆಯೇ: "ಅದು ಯಾವ್ಯಾವ ರಸ್ತೆ ತುಳಿದೈತೋ, ಏನೇನು ಮೆಟ್ಟೈತೋ! ಅದರ ಮೇಲೆ ಕೂತು ಲಿಂಗ ಹಿಡಿಯೋದಾ?"

ಆಗ ನನ್ನ ಕಣ್ಣು ಸ್ಕೂಟರಿನ ಬೆನ್ನಿಗೆ ಕಟ್ಟಿದ್ದ ಹೆಚ್ಚುವರಿ ಚಕ್ರದ, ಅಂದರೆ ಸ್ಟೆಪ್ನಿಯ ಮೇಲೆ ಬಿತ್ತು. ದುಂಡಗೆ, ಅಡಕವಾಗಿ, ಅಪ್ಪನಿಗಾಗಿಯೇ ಅಳತೆ ತೆಗೆದು ಮಾಡಿದಂತಿತ್ತು. "ಅಜ್ಜಿ, ಅದರೊಳಗಿನ ಟ್ಯೂಬು ಆದೀತಾ? ಅದು ರಸ್ತೇನೇ ಕಂಡಿಲ್ಲ."

ಅಜ್ಜಿ ಕಣ್ಣು ಕಿರಿದು ಮಾಡಿ ಆಲೋಚಿಸಿದಳು. "ಒಂದ್ಸಲಾನೂ ಉರುಳಿಲ್ವಾ?"

"ಇಲ್ಲ. ಸ್ಕೂಟರೇ ಅದನ್ನ ಬೆನ್ನ ಮೇಲೆ ಹೊತ್ಕೊಂಡು ಬಂದಿದೆ."

"ಹಂಗಾರೆ ಮಡೀನೇ ಐತೆ, ಬಿಚ್ರಿ."

ಅಪ್ಪನಿಗೆ ಮಾತ್ರ ಧರ್ಮಸಂಕಟ. ಏಳು ವರ್ಷ ಕಾದು ಪಡೆದದ್ದನ್ನು ಐದನೇ ದಿನಕ್ಕೇ ಬಿಚ್ಚುವುದೇ? ಕೊನೆಗೆ ಶಿವನ ಮೇಲಿನ ಗೌರವ ಗೆದ್ದಿತು. ಕೈಪಿಡಿ ತರಿಸಿ, ಮೂಗಿಗೆ ತಾಗುವಂತೆ ಹಿಡಿದು, ಮಲಗಿದಲ್ಲಿಂದಲೇ ನಿರ್ದೇಶನ ಕೊಟ್ಟರು. "ಐದು ನಟ್ಟು. ರುದ್ರ, ಎಡಕ್ಕೆ ತಿರುಗಿಸು, ಎಡಕ್ಕೆ! ಬಿಚ್ಚಿದ್ದನ್ನ ಬಿಚ್ಚಿದ ಕ್ರಮದಲ್ಲೇ ಇಡು." ಚಿಕ್ಕಪ್ಪ ಸ್ಪ್ಯಾನರು ಹಿಡಿದರು, ನಾನು ನಟ್ಟುಗಳನ್ನು ಆರತಿ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದೆ.

ಟ್ಯೂಬು ಹೊರಬಂತು. ಚಿಕ್ಕಪ್ಪ ಸೈಕಲ್ ಪಂಪಿನಿಂದ ಉತ್ಸಾಹವಾಗಿ ಗಾಳಿ ತುಂಬಿದರು. ಅಪ್ಪ ಕೂತರು, ಟ್ಯೂಬು ಅವರನ್ನು ಹಾಸಿಗೆಯ ಮೇಲಕ್ಕೆ ಚಿಮ್ಮಿತು. ಗಾಳಿ ಬಿಟ್ಟೆವು, ನೆಲ ತಾಗಿತು. ಮೂರನೇ ಸಲ ಗಾಳಿ ಸರಿಯಾಯಿತು, ಆದರೆ ಅಪ್ಪ ಕೂತ ಕೂಡಲೇ "ಶಿವಾ!" ಎಂದು ಮೇಲೆದ್ದರು. ಅದು ಪೂಜೆಯ ಆರಂಭವಾಗಿರಲಿಲ್ಲ. ಸ್ಕೂಟರ್ ಟ್ಯೂಬಿನ ಹಿತ್ತಾಳೆಯ ಮೂತಿ ತೂತಿನ ಒಳಮುಖಕ್ಕಿರುತ್ತದೆ. ಅದು ನೇರವಾಗಿ ಕನ್ಯಾಕುಮಾರಿಯನ್ನೇ ಗುರಿಯಿಟ್ಟಿತ್ತು. ಅದನ್ನು ಕೆಳಕ್ಕೆ ಬಾಗಿಸಿ, ಅಮ್ಮನ ಹಳೆಯ ಹತ್ತಿ ಸೀರೆಯ ಪಟ್ಟಿಗಳನ್ನು ಬಿಗಿಯಾಗಿ ಸುತ್ತಿ, ಒಂಬತ್ತು ಪಂಪು ಗಾಳಿ ಹಾಕಿದೆ. ಎಂಟಾದರೆ ಕಡಿಮೆ, ಹತ್ತಾದರೆ ಹೆಚ್ಚು. ಭೌತಶಾಸ್ತ್ರದಲ್ಲಿ ನಾನು ಮಾಡಿದ ಏಕೈಕ ಸಂಶೋಧನೆ ಅದು.

ಅಪ್ಪ ಮೆಲ್ಲಗೆ ಕೂತರು. ನಾವು ನಾಲ್ವರೂ ಉಸಿರು ಹಿಡಿದು ನಿಂತೆವು. ಅವರ ಹುಬ್ಬುಗಳು ಒಂದೊಂದಾಗಿ ಕೆಳಗಿಳಿದವು. "ಆಹಾ" ಎಂದರು. ಅಂದು ಪೂಜೆ ಮುಕ್ಕಾಲು ಗಂಟೆ ನಡೆಯಿತು. ಆಮೇಲೂ ಏಳಲು ಅವರಿಗೆ ಮನಸ್ಸಿರಲಿಲ್ಲ.

ನೋಡಲು ಬರುವವರು ಶುರುವಾದರು. ಬಂದವರೆಲ್ಲ ಮೋಸಂಬಿ ಮತ್ತು ಬ್ರೆಡ್ಡು ತಂದರು. ನಮ್ಮ ಮನೆಯಲ್ಲಿ ಬ್ರೆಡ್ಡು ತಿಂಡಿಯಾಗಿರಲಿಲ್ಲ, ರೋಗಲಕ್ಷಣವಾಗಿತ್ತು. ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ ಅಮ್ಮ ಹಣೆ ಮುಟ್ಟಿ ನೋಡುವ ಮೊದಲು ನಾನೇ, "ಬ್ರೆಡ್ ತರ್ತೀರಾ?" ಎಂದು ಕೇಳುತ್ತಿದ್ದೆ. ಹಾಲಿನಲ್ಲಿ ನೆನೆದ ಬ್ರೆಡ್ಡಿನ ಆಸೆಗೆ ಒಮ್ಮೆ ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಜ್ವರ ಬರಿಸಿಕೊಳ್ಳಲು ಹೋಗಿ, ಮೈಯೆಲ್ಲ ಈರುಳ್ಳಿ ನಾತ ಹೊಡೆದು ಸಿಕ್ಕಿಬಿದ್ದದ್ದೂ ಉಂಟು. ಅಪ್ಪನಿಗೆ ಬ್ರೆಡ್ಡು ನಿಷಿದ್ಧ, ಹೊಟ್ಟೆ ಕಟ್ಟುತ್ತದಲ್ಲ. ಹಾಗಾಗಿ ಆರೋಗ್ಯವಂತಳಾದ ನಾನು ಆ ತಿಂಗಳು ಯಾವ ರೋಗಿಯೂ ತಿನ್ನದಷ್ಟು ಬ್ರೆಡ್ಡು ತಿಂದೆ.

ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರ್ ವಾಸುದೇವಯ್ಯನವರಿಗೆ ಎಲ್ಲವೂ ಖಚಿತವಾಗಿ ತಿಳಿಯಬೇಕು. "ಆಪರೇಷನ್ ಎಲ್ಲಿಗೆ ಆಯ್ತು?" ಎಂದರು.

"ಬೆನ್ನಿಗೆ" ಎಂದಳು ಅಮ್ಮ.

"ಬೆನ್ನಲ್ಲಿ ಎಲ್ಲಿ?"

"ಕೆಳಗೆ."

"ಎಷ್ಟು ಕೆಳಗೆ?"

ಅಪ್ಪ ದಿಂಬಿನಿಂದ ಮುಖವೆತ್ತದೆಯೇ ಹೇಳಿದರು: "ಮೇಷ್ಟ್ರೇ, ಬೆನ್ನು ಮುಗಿಯುತ್ತಲ್ಲ, ಅದಾದ ಮೇಲೆ."

ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿ ಸ್ಕೂಟರಿನ ಕಡೆ ತಿರುಗಿದರು. ಸೀಟಿನ ಮೇಲೆ ಕೈಯಿಟ್ಟರು. ಅಜ್ಜಿ ಕೆಮ್ಮಿದಳು. ಕೈ ತೆಗೆದರು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಒಂದು ಮಧ್ಯಾಹ್ನ. ಅಮ್ಮ ಹಿತ್ತಲಲ್ಲಿ ಗಾಯದ ಬಟ್ಟೆ ಕುದಿಸುತ್ತಿದ್ದಳು. ಅಜ್ಜಿ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು. ಅಪ್ಪ ಸ್ಕೂಟರಿನ ಕಡೆ ಮುಖ ಮಾಡಿ, ಬೋರಲು ಮಲಗಿ ಗೊರಕೆ ಹೊಡೆಯುತ್ತಿದ್ದರು. ಎರಡು ವಾರ ಆ ಸೀಟಿನ ಧೂಳು ಒರೆಸಿದ್ದೇನೆ, ಎರಡು ವಾರ ಕೈಪಿಡಿ ಗಟ್ಟಿಯಾಗಿ ಓದಿ ಹೇಳಿದ್ದೇನೆ. ನನ್ನ ಕಾಲು ನನ್ನನ್ನು ಕೇಳಲೇ ಇಲ್ಲ. ಸೀರೆ ಒಂಚೂರು ಎತ್ತಿಕೊಂಡು, ಸ್ಟ್ಯಾಂಡಿನ ಮೇಲೆ ನಿಂತಿದ್ದ ಸ್ಕೂಟರಿನ ಮೇಲೆ ಕೂತುಬಿಟ್ಟೆ.

ಎಂಥಾ ಸುಖ! ಹ್ಯಾಂಡಲ್ಲು ಹಿಡಿದೆ. ಒಂದನೇ ಗೇರು, ಎರಡನೇ ಗೇರು, ಮನಸ್ಸಿನಲ್ಲೇ ರಾಜಾಜಿನಗರ ದಾಟಿ ಬಸವೇಶ್ವರನಗರದ ಖಾಲಿ ಸೈಟುಗಳ ನಡುವೆ ಹಾರಿ, ಕೆಂಗೇರಿ ಮುಟ್ಟಿದ್ದೆ. ಆಗ ನನ್ನ ಭಾರಕ್ಕೆ ಸ್ಕೂಟರಿನ ಹಿಂಭಾಗ ತಗ್ಗಿ, ಮುಂದಿನ ಚಕ್ರ ಎರಡು ಬೆರಳು ಮೇಲೆದ್ದದ್ದು ಗಮನಕ್ಕೆ ಬಂತು. ಬೆದರಿ ಧಡಕ್ಕನೆ ಇಳಿದೆ. ಆ ಎರಡು ಬೆರಳಿನ ಸಂದಿಗೆ ನಿಂಬೆಹಣ್ಣು ಯಾವಾಗ ಉರುಳಿತ್ತೋ ಗೊತ್ತಿಲ್ಲ, ಚಕ್ರ ನೇರವಾಗಿ ಬಂದು ಅದರ ಮೇಲೆ ಕೂತಿತು. ಪಚಕ್!

ನಡುಮನೆಯ ತುಂಬ ನಿಂಬೆಯ ವಾಸನೆ. ಅಪ್ಪನ ಗೊರಕೆ ಒಂದು ಕ್ಷಣ ನಿಂತಿತು. ಮತ್ತೆ ಗೊರಕೆ ಶುರುವಾದ ಮೇಲೆ ಹಣ್ಣಿನ ಸಿಪ್ಪೆ ಬಳಿದು, ನೆಲ ಒರೆಸಿ, ಉಪ್ಪಿನಕಾಯಿಗೆಂದು ಅಮ್ಮ ಇಟ್ಟಿದ್ದ ಬುಟ್ಟಿಯಿಂದ ಇನ್ನೊಂದು ಹಣ್ಣು ತಂದಿಟ್ಟೆ. ಅಜ್ಜಿ ಒಳಗಿನಿಂದ, "ಯಾಕೇ ನಿಂಬೆ ವಾಸನೆ?" ಎಂದು ಕೂಗಿದಳು. "ಪಾನಕ ಮಾಡ್ದೆ ಅಜ್ಜಿ" ಎಂದೆ. ಆಮೇಲೆ ಆ ಸುಳ್ಳನ್ನು ನಿಜ ಮಾಡಲು ಪಾನಕ ಮಾಡಿ ಎಲ್ಲರಿಗೂ ಕುಡಿಸಬೇಕಾಯಿತು. ಅಪ್ಪ ಎರಡು ಲೋಟ ಕುಡಿದರು.

ಅಂದಿನಿಂದ ಗಾಯ ಮಾಯುವುದಕ್ಕೆ ಅಮ್ಮನಿಗಿಂತ ಹೆಚ್ಚು ಹರಕೆ ಹೊತ್ತವಳು ನಾನು. ಅಪ್ಪನ ಏಳು ವರ್ಷದ ಆಸೆಯನ್ನು ಒಂದು ನಿಮಿಷದಲ್ಲಿ ಎಂಜಲು ಮಾಡಿದ್ದೆ. ಟಬ್ಬಿನ ನೀರಿನ ಬಿಸಿ ಮೊಣಕೈ ಅದ್ದಿ ನೋಡಿದೆ. ದಿನಾ ಟ್ಯೂಬಿನ ಬಟ್ಟೆ ಬದಲಿಸಿ ಒಂಬತ್ತು ಪಂಪು ಎಣಿಸಿ ಹಾಕಿದೆ. ಪಪ್ಪಾಯಿ ಹೆಚ್ಚಿ ಕೊಟ್ಟೆ. "ಈ ಹುಡುಗಿಗೆ ಎಷ್ಟು ಪಿತೃಭಕ್ತಿ!" ಎಂದು ಮೇಷ್ಟ್ರು ಹೊಗಳಿದಾಗ ಭೂಮಿಗಿಳಿದುಹೋದೆ.

ಐದನೇ ವಾರದ ಕೊನೆಗೆ ಡಾಕ್ಟರು ನೋಡಿ, "ಭೇಷ್! ಪೂರ್ತಿ ಮಾಯ್ದಿದೆ. ಇನ್ನು ಟ್ಯೂಬು ಬೇಕಿಲ್ಲ, ಎಲ್ಲರ ಹಾಗೆ ಕೂತ್ಕೊಳ್ಳಿ. ಆದ್ರೆ ಕಿಕ್ ಹೊಡೆಯೋದು, ಗಾಡಿ ಓಡಿಸೋದು ಇನ್ನೊಂದು ತಿಂಗಳು ಬೇಡ" ಎಂದರು. ಅಪ್ಪನ ಮುಖ ಅರ್ಧ ಅರಳಿತು, ಅರ್ಧ ಬಾಡಿತು. ಅಲ್ಲದೆ ಟ್ಯೂಬಿಲ್ಲದೆ ಕೂರುವ ಧೈರ್ಯ ಅವರಿಗೆ ಬರಲೇ ಇಲ್ಲ. ಗಾಯ ಮಾಯ್ದರೂ ಭಯ ಮಾಯ್ದಿರಲಿಲ್ಲ. ಮದುವೆಯ ಊಟಕ್ಕೆ ಕರೆದರೂ ಕಂಕುಳಲ್ಲಿ ಟ್ಯೂಬು ಇಟ್ಟುಕೊಂಡು ಹೋಗಿ ಪಂಕ್ತಿಯಲ್ಲಿ ಹಾಸಿಕೊಂಡು ಕೂತರು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಬಂದರು.

"ಹಿಂಗೇ ನಿಂತ್ರೆ ಗಾಡಿ ತುಕ್ಕು ಹಿಡೀತದೆ ಅಣ್ಣ. ನಾನೇ ಮೈದಾನದಲ್ಲಿ ಒಂದು ಸುತ್ತು ಹಾಕ್ತೀನಿ" ಎಂದು ಒಂದು ಭಾನುವಾರ ಚಿಕ್ಕಪ್ಪ ತೋಳೇರಿಸಿದರು. ಸ್ಕೂಟರನ್ನು ಹೊರಗೆ ತಂದು ರಸ್ತೆಯಲ್ಲಿ ನಿಲ್ಲಿಸಿದೆವು. ಅಜ್ಜಿ ಹೊಸ ನಿಂಬೆಹಣ್ಣು ಇಟ್ಟಳು. ಅಕ್ಕಪಕ್ಕದವರು ಸೇರಿದರು. ಅಪ್ಪ ಗೇಟಿನ ಪಕ್ಕದ ಕಟ್ಟೆಯ ಮೇಲೆ ಟ್ಯೂಬು ಹಾಕಿಕೊಂಡು, ಕೈಪಿಡಿ ಹಿಡಿದು ಕೂತಿದ್ದರು. ಚಿಕ್ಕಪ್ಪ ಇನ್ನೇನು ಕಾಲು ಎತ್ತಬೇಕು.

"ನಿಲ್ಲೋ ರುದ್ರ," ಎಂದರು ಅಪ್ಪ. "ಮೊದಲ ನಿಂಬೆಹಣ್ಣು ಅಪ್ಪಚ್ಚಿಯಾಗಿ ಮೂರು ವಾರ ಆಯ್ತು."

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ನನ್ನನ್ನು ನೋಡಿದರು.

"ನನಗೆ ಐದು ವಾರ ಕಾಣಿಸ್ತಾ ಇದ್ದಿದ್ದೇ ಆ ಮುಂದಿನ ಚಕ್ರ. ಅದು ಎರಡು ಬೆರಳು ಮೇಲಕ್ಕೆದ್ರೆ ನನಗೆ ಗೊತ್ತಾಗಲ್ವೇನೇ ಸರೋಜ? ಪಾನಕಕ್ಕೆ ಉಪ್ಪು ಬೇರೆ ಹಾಕಿದ್ದೆ."

ನನ್ನ ಕಣ್ಣಲ್ಲಿ ನೀರು ತುಂಬಿತು. "ತಪ್ಪಾಯ್ತಪ್ಪ. ನೀವೇ ಮೊದಲು ಕೂರ್ಬೇಕಿತ್ತು..."

"ಅಯ್ಯೋ ಶಿವನೇ, ಹೆಣ್ಣುಹುಡುಗಿ ಹತ್ತಿದ್ಲಾ!" ಎಂದು ಅಜ್ಜಿ ಗಲ್ಲ ಬಡಿದುಕೊಂಡಳು.

ಅಪ್ಪ ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿದರು. ಕೈಪಿಡಿಯ ಕೊನೆಯ ಪುಟ ತೆಗೆದು, ಕನ್ನಡಕ ಸರಿಪಡಿಸಿಕೊಂಡರು. "ಇಲ್ಲಿ ಬಿಡಿಭಾಗಗಳ ಪಟ್ಟಿ ಇದೆ. ಸ್ಟೆಪ್ನಿ ಸ್ಕೂಟರಿನ ಭಾಗ ಹೌದೋ ಅಲ್ಲವೋ? ಹೌದು ಅಂತ ಅಚ್ಚಾಗಿದೆ. ನಾನು ಸ್ಟೆಪ್ನಿ ಮೇಲೆ ಕೂತಿದ್ದು ಯಾವತ್ತು? ಸ್ಕೂಟರು ಬಂದ ಐದನೇ ದಿನ. ಇವಳು ಹತ್ತಿದ್ದು ಅದಾಗಿ ಎಷ್ಟೋ ದಿನಕ್ಕೆ. ಅಂದ ಮೇಲೆ ಮೊದಲು ಕೂತವನು ನಾನೇ, ಇವಳು ಎರಡನೆಯವಳು. ರುದ್ರ, ನಿನ್ನದು ಮೂರನೇ ಸರದಿ. ಕೀ ಅವಳಿಗೆ ಕೊಡು."

ಇಂಥ ತೀರ್ಪನ್ನು ಯಾವ ನ್ಯಾಯಾಲಯದಲ್ಲೂ ನಾನು ಕೇಳಿಲ್ಲ.

"ನಂಗೆ ಬರಲ್ಲಪ್ಪ!"

"ನನಗೂ ಬರಲ್ಲ. ಆದ್ರೆ ಇಬ್ಬರಿಗೂ ಪುಸ್ತಕ ಬಾಯಿಪಾಠ. ಹತ್ತು ಹತ್ತು, ಮೈದಾನ ಖಾಲಿ ಇದೆ."

ಹತ್ತಿದೆ. ಚಿಕ್ಕಪ್ಪ ಮುನಿಸಿನಿಂದಲೇ ಕಿಕ್ ಹೊಡೆದರು. ಐದು ವಾರ ಮೌನವಾಗಿದ್ದ ಸ್ಕೂಟರು ನಾಲ್ಕನೇ ಒದೆತಕ್ಕೆ ಗುಡುಗಿತು. ಕ್ಲಚ್ಚು ಒತ್ತಿ, ಗೇರು ತಿರುಗಿಸಿ, ಪುಸ್ತಕದಲ್ಲಿ ಹೇಳಿದಂತೆ ಕ್ಲಚ್ಚನ್ನು 'ನಿಧಾನವಾಗಿ ಹಾಗೂ ಸಮವಾಗಿ' ಬಿಡುವುದರ ಬದಲು ಪೂರಾ ಬಿಟ್ಟೆ. ನಿಂಬೆಹಣ್ಣು ಅಪ್ಪಚ್ಚಿ! ಜನ ಚಪ್ಪಾಳೆ ಹೊಡೆದದ್ದು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ, ಅಷ್ಟು ದೂರ ಹೋಗಿದ್ದೆ. ಗಾಳಿ ಮುಖಕ್ಕೆ ಹೊಡೆಯಿತು, ಜಡೆ ಹಾರಿತು, ಬಾಯಿಂದ ನನಗರಿಯದೆ ಕೇಕೆ ಬಂತು. ರಸ್ತೆಯ ಕೊನೆಯಲ್ಲಿ ಮೈದಾನ. ಮೈದಾನದ ಕೊನೆಯಲ್ಲಿ, ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ರಾಶಿ. ಬ್ರೇಕಿನ ಅಧ್ಯಾಯ ಎಷ್ಟನೇ ಪುಟದಲ್ಲಿತ್ತು ಎಂದು ನೆನಪಿಸಿಕೊಳ್ಳುವಷ್ಟರಲ್ಲಿ ರಾಶಿಯ ನಡುವೆ ಇದ್ದೆ. ಎಂಜಿನ್ನು ಬಿಕ್ಕಿ ನಿಂತಿತು. ಸ್ಕೂಟರು ಮರಳಲ್ಲಿ ನೆಟ್ಟಗೆ ನಾಟಿಕೊಂಡಿತ್ತು. ನಾನೂ ಅದರ ಮೇಲೆ ನೆಟ್ಟಗೆ.

ಹಿಂದೆ ಹೆಜ್ಜೆಸಪ್ಪಳ. ತಿರುಗಿ ನೋಡಿದರೆ ಅಪ್ಪ ಓಡಿ ಬರುತ್ತಿದ್ದಾರೆ! ಐದು ವಾರ ತಲೆಯ ಮೇಲೆ ತುಂಬಿದ ಕೊಡ ಹೊತ್ತವರಂತೆ ನಡೆಯುತ್ತಿದ್ದ ಅಪ್ಪ, ಪಂಚೆ ಎತ್ತಿ ಕಟ್ಟಿ, ಚರಂಡಿ ಹಾರಿ, ಕೈಪಿಡಿಯನ್ನು ಬೀಸುತ್ತ ಓಡಿ ಬರುತ್ತಿದ್ದಾರೆ. ಬಂದವರು ನನ್ನ ಕೈ, ಕಾಲು, ತಲೆ ಮುಟ್ಟಿ ನೋಡಿದರು. ಏದುಸಿರು ಬಿಡುತ್ತ ಕೇಳಿದರು:

"ಯಾವ ಗೇರಲ್ಲಿದ್ದೆ?"

"ಎರಡನೇದರಲ್ಲಿ."

"ಮೂರಕ್ಕೆ ಹಾಕ್ಬಾರ್ದಿತ್ತಾ?" ಎಂದರು. ಇಬ್ಬರೂ ಸೇರಿ ಸ್ಕೂಟರನ್ನು ಮರಳಿನಿಂದ ಎಳೆದೆವು. ಹ್ಯಾಂಡಲ್ಲು ತಿರುಗಿಸಿ ನಾನು ಹತ್ತಿದೆ. ಈ ಸಲ ನಾನೇ ಕಿಕ್ ಹೊಡೆದೆ. ಅಪ್ಪ ಒಂದು ಕ್ಷಣ ಆ ತಿಳಿನೀಲಿಯನ್ನು ನೋಡಿದರು. ಆಮೇಲೆ ಏನನ್ನೂ ಯೋಚಿಸದೆ, ಏನನ್ನೂ ಹಾಸಿಕೊಳ್ಳದೆ, ಬರೀ ಸೀಟಿನ ಮೇಲೆ ನನ್ನ ಹಿಂದೆ ಕೂತುಬಿಟ್ಟರು. ನನ್ನ ಭುಜ ಹಿಡಿದು, "ಹೂಂ, ಹೊರಡು" ಎಂದರು.

ಸ್ಕೂಟರು ಕುಪ್ಪಳಿಸಿ ಮುಂದೆ ಸಾಗಿತು. ಎದುರಿನಿಂದ ಅಮ್ಮ, ಬಿಳಿಯ ಪಟ್ಟಿ ಸುತ್ತಿದ ಟ್ಯೂಬನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸೆರಗು ಹಾರಿಸುತ್ತ ಓಡಿ ಬರುತ್ತಿದ್ದಳು.

"ರೀ! ಟ್ಯೂಬು! ರೀ, ನಿಮ್ಮ ಟ್ಯೂಬು!"

"ಅದನ್ನ ಸ್ಟೆಪ್ನಿಗೆ ಹಾಕ್ಸು!" ಎಂದು ಅಪ್ಪ ಕೂಗಿದರು. ನಾನು ಮೂರನೇ ಗೇರಿಗೆ ಹಾಕಿದೆ.